ಚಿತ್ರತುರಗದಿಂದ ಚಿತ್ರಗಜಕ್ಕೆ: ನಿಸರ್ಗ, ಚಿತ್ರ ಮತ್ತು ಡಿಜಿಟಲ್ ಬೆಳಕನ್ನು ಕುರಿತು

1

ಜವಳಗಿರಿಯ ಸುತ್ತಿನ ಹಳ್ಳಿಗಳಲ್ಲಿ ರಾಗಿ ತೆನೆಗಟ್ಟುವ ಕಾಲಕ್ಕೆ ಹೊಲದ ಅಂಚಿನಲ್ಲಿ ಕಾವಲಿನ ಅಟ್ಟಣೆಗಳು ಏಳುತ್ತವೆ. ಕನ್ನಡದಲ್ಲಿ ಅಟ್ಟಣೆಯೆಂದೂ ತಮಿಳಿನಲ್ಲಿ ಪರಣ್ ಎಂದೂ ಕರೆಸಿಕೊಳ್ಳುವ ಆ ಮರದ ಹಾಸಿನ ಮೇಲೆ ರಾತ್ರಿಯಿಡೀ ಕುಳಿತಿರುವ ರೈತನ ಕೈಯಲ್ಲಿ ಒಂದು ಟಾರ್ಚು ಇರುತ್ತದೆ. ಬನ್ನೇರುಘಟ್ಟದ ಕಾಡಿನಿಂದ ಹೊರಟ ಆನೆಗಳ ಹಿಂಡುಗಳು ಪ್ರತಿವರ್ಷ ಚಳಿಗಾಲದ ಹೊತ್ತಿಗೆ ಜವಳಗಿರಿ, ಡೆಂಕಣಿಕೋಟೆಗಳ ಮಾರ್ಗವಾಗಿ ಹೊಸೂರು, ಶೂಲಗಿರಿಗಳ ಕಡೆಗೆ ಸಾಗುತ್ತವೆ. ರಾಜ್ಯಗಳ ಗಡಿ ಅವುಗಳಿಗೆ ತಿಳಿಯದು. ರಾಗಿಯ ಹಾಲುಗಾಳಿನ ವಾಸನೆ ತಿಳಿಯುತ್ತದೆ. ಆ ಟಾರ್ಚಿನ ಬೆಳಕಿಗೆ ಇರುವ ಉದ್ದೇಶ ಒಂದೇ: ಆನೆಯನ್ನು ಗುರುತಿಸಿ ಆಚೆಗೆ ಕಳುಹಿಸುವುದು.

ಸಮಕಾಲೀನ ಕಲಾಪ್ರದರ್ಶನದ ಕತ್ತಲ ಕೋಣೆಯಲ್ಲಿ ಬೆಳಕಿನ ಉದ್ದೇಶ ಇದಕ್ಕೆ ತಿರುಗುಮುರುಗಾಗಿದೆ. ಅಲ್ಲಿ ಪ್ರೊಜೆಕ್ಟರು ಇಲ್ಲದ ಆನೆಯನ್ನು ಕರೆತರುತ್ತದೆ, ಇಲ್ಲದ ಹೂವನ್ನು ಅರಳಿಸುತ್ತದೆ, ಇಲ್ಲದ ನದಿಯನ್ನು ಗೋಡೆಯ ಮೇಲೆ ಹರಿಸುತ್ತದೆ. ನಿಸರ್ಗ, ಚಿತ್ರಕಲೆ, ಡಿಜಿಟಲ್ ತಂತ್ರಜ್ಞಾನ ಈ ಮೂರನ್ನೂ ಬೆಸೆಯುವ ಪ್ರದರ್ಶನಗಳು ಕಳೆದ ಎರಡು ದಶಕಗಳಲ್ಲಿ ಒಂದು ಪ್ರಕಾರವಾಗಿಯೇ ನೆಲೆಗೊಂಡಿವೆ. ಅವುಗಳ ಬಗೆಗೆ ಬರುವ ಬರಹಗಳು ಬಹುಮಟ್ಟಿಗೆ ವಿಸ್ಮಯವನ್ನೋ ತಂತ್ರದ ವಿವರಗಳನ್ನೋ ಒದಗಿಸಿ ನಿಲ್ಲುತ್ತವೆ. ಇಂತಹ ಕೃತಿಯೊಂದು ಯಾವ ನೋಡುಗನನ್ನು ಊಹಿಸಿಕೊಂಡಿದೆ ಎಂಬ ಪ್ರಶ್ನೆಯನ್ನು ಎತ್ತುವುದು ಈ ಲೇಖನದ ಉದ್ದೇಶ. ಇದಕ್ಕಾಗಿ ಆನೆಯೇ ಮುಖ್ಯವಾಗಿ ಕಾಣಿಸಿಕೊಳ್ಳುವ ಮೂರು ಕೃತಿಗಳನ್ನು ಆರಿಸಿಕೊಂಡಿದ್ದೇನೆ: ಟೋಕಿಯೊದ ಟೀಮ್‌ಲ್ಯಾಬ್ ಬಳಗದ 'ನಿರ್ವಾಣ', ಶೀಬಾ ಛಾಛಿಯವರು ದೆಹಲಿಯಲ್ಲಿ ರಚಿಸಿದ 'ದ ವಾಟರ್ ಡಿವೈನರ್', ಮತ್ತು ಬೆಂಗಳೂರಿನ ಲಾಲ್‌ಬಾಗಿನಲ್ಲಿ ಪ್ರದರ್ಶಿತವಾದ ಲಾಂಟಾನ ಆನೆಗಳು. ಆಯ್ಕೆ ಆಕಸ್ಮಿಕವಲ್ಲ. ಈ ಗಡಿಸೀಮೆಯವರ ಪಾಲಿಗೆ ಬರಿಯ ಪ್ರತಿಮೆಯಾಗಿ ಉಳಿಯಲು ಒಪ್ಪದ ಪ್ರಾಣಿ ಆನೆ.

2

ರಸಸೂತ್ರದ ವ್ಯಾಖ್ಯಾನಕಾರರಲ್ಲೊಬ್ಬನಾದ ಶ್ರೀಶಂಕುಕನ ವಿಚಾರಗಳು ನಮಗೆ ದೊರೆಯುವುದು ಅಭಿನವಗುಪ್ತನ 'ಅಭಿನವಭಾರತಿ'ಯ ಮೂಲಕ. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಅರಿವು ಯಾವ ಬಗೆಯದು ಎಂಬುದನ್ನು ವಿವರಿಸಲು ಅವನು ಚಿತ್ರದಲ್ಲಿ ಬರೆದ ಕುದುರೆಯ ದೃಷ್ಟಾಂತವನ್ನು ಮುಂದಿಟ್ಟನು. ಚಿತ್ರವನ್ನು ನೋಡಿ 'ಇದು ಕುದುರೆ' ಎಂದುಕೊಳ್ಳುವವನ ಅರಿವು ಯಥಾರ್ಥಜ್ಞಾನದ ಸಾಲಿಗೆ ಸೇರದು, ಭ್ರಮೆಯ ಸಾಲಿಗೂ ಸೇರದು. ಅದರಲ್ಲಿ ಸಂಶಯವಿಲ್ಲ, 'ಕುದುರೆಯಂತಿದೆ' ಎಂಬ ಹೋಲಿಕೆಯ ಪ್ರಜ್ಞೆಯೂ ಇಲ್ಲ. ಈ ನಾಲ್ಕರಿಂದಲೂ ಬೇರೆಯಾದ ಐದನೆಯ ಪ್ರತೀತಿ ಅದು. ಶಂಕುಕನ ಅನುಕರಣವಾದ ಮುಂದೆ ಭಟ್ಟತೌತನ ಖಂಡನೆಗೆ ಗುರಿಯಾಯಿತು. ಆದರೂ ಚಿತ್ರತುರಗನ್ಯಾಯವೆಂಬ ಹೆಸರಿನಲ್ಲಿ ಆ ದೃಷ್ಟಾಂತ ನಮ್ಮ ಕಾವ್ಯಮೀಮಾಂಸೆಯಲ್ಲಿ ಉಳಿದುಕೊಂಡಿತು.

ಈ ನ್ಯಾಯದ ಹಿಂದೆ ಹೇಳದೆ ಬಿಟ್ಟ ಒಂದು ಪೂರ್ವಗ್ರಹಿಕೆ ಇದೆ. ನೋಡುಗ ಸುರಕ್ಷಿತವಾಗಿದ್ದಾನೆ, ಚಿತ್ರದ ಕುದುರೆ ಒದೆಯುವುದಿಲ್ಲ. ಕುದುರೆಯ ವಿಷಯದಲ್ಲಿ ಇದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಕುದುರೆಯ ಸ್ಥಾನದಲ್ಲಿ ಆನೆಯನ್ನು ನಿಲ್ಲಿಸಿ, ನೋಡುಗನನ್ನು ಜವಳಗಿರಿಯ ಅಟ್ಟಣೆಯಿಂದ ಕರೆತಂದರೆ ಲೆಕ್ಕ ಬದಲಾಗುತ್ತದೆ. ಕತ್ತಲಲ್ಲಿ ಹೊಲದ ಆಚೆ ಕಾಣುವ ಕಪ್ಪು ಆಕಾರ ಬಂಡೆಯೋ ಆನೆಯೋ ಎಂಬುದು ಅವನಿಗೆ ನಿಜವಾದ ಸಂಶಯ. ಬಂಡೆಯೆಂದು ಬಗೆದು ಹೆಜ್ಜೆಯಿಟ್ಟಾಗ ಅದು ಆನೆಯಾಗಿದ್ದರೆ ಆ ಭ್ರಮೆಗೆ ಜೀವವೇ ಬೆಲೆ. ಶಂಕುಕ ಬದಿಗೆ ಸರಿಸಿದ ನಾಲ್ಕು ಜ್ಞಾನಗಳೂ ಇಲ್ಲಿ ನಿತ್ಯದ ಬದುಕಿನ ಭಾಗ. ಇಂಥವನೂ ಪ್ರದರ್ಶನದ ಕೋಣೆಯಲ್ಲಿ ಐದನೆಯ ಪ್ರತೀತಿಯನ್ನು ಪಡೆಯಬಲ್ಲ; ಚಿತ್ರವನ್ನು ಚಿತ್ರವೆಂದು ತಿಳಿದೇ ಸುಖಿಸಬಲ್ಲ. ಆದರೆ ಅವನ ನೋಟದ ಬೆನ್ನಿಗೆ ಉಳಿದ ನಾಲ್ಕರ ನೆರಳು ಇದ್ದೇ ಇರುತ್ತದೆ. ಆ ನೆರಳಿಗೆ ಕೃತಿಯಲ್ಲಿ ಎಡೆಯಿದೆಯೇ? ಇದನ್ನೇ ನಾನು ಇಲ್ಲಿ ಚಿತ್ರಗಜದ ಪ್ರಶ್ನೆಯೆಂದು ಕರೆಯುತ್ತೇನೆ.

3

ಹದಿನೆಂಟನೆಯ ಶತಮಾನದ ಕ್ಯೋಟೊದ ಚಿತ್ರಕಾರ ಇತೊ ಜಾಕುಚುವಿನದೆಂದು ಪ್ರಸಿದ್ಧವಾದ ಒಂದು ಜೋಡಿ ಮಡಿಕೆ ತೆರೆಗಳಿವೆ. ಒಂದರಲ್ಲಿ ಹಕ್ಕಿಗಳು, ಇನ್ನೊಂದರಲ್ಲಿ ಪ್ರಾಣಿಗಳು. ಪ್ರಾಣಿಗಳ ನಡುವೆ ದೊಡ್ಡದೊಂದು ಬಿಳಿಯಾನೆ. ತೆರೆಗಳ ಮೈಯನ್ನು ಸುಮಾರು 86,000 ಪುಟ್ಟ ಚೌಕಗಳಾಗಿ ವಿಭಜಿಸಿ, ಒಂದೊಂದು ಚೌಕಕ್ಕೂ ಬೇರೆಯಾಗಿ ಬಣ್ಣ ತುಂಬಿರುವುದು ಅವುಗಳ ವಿಶೇಷ. ಕ್ಯೋಟೊದ ನಿಶಿಜಿನ್ ನೇಕಾರರು ಮಗ್ಗಕ್ಕಾಗಿ ಬರೆಯುತ್ತಿದ್ದ ಚೌಕಮನೆ ನಕ್ಷೆಗಳೇ ಇದಕ್ಕೆ ಪ್ರೇರಣೆಯೆಂಬ ಅಭಿಪ್ರಾಯವಿದೆ. ಟೀಮ್‌ಲ್ಯಾಬ್ ಬಳಗ 2013ರ 'ನಿರ್ವಾಣ'ದಲ್ಲಿ ಈ ತೆರೆಗಳನ್ನು ಚಲಿಸುವ ಚಿತ್ರವಾಗಿಸಿತು. ಕಂಪ್ಯೂಟರಿನೊಳಗಿನ ಮೂರು ಆಯಾಮಗಳ ಅವಕಾಶದಲ್ಲಿ ಪ್ರಾಣಿಗಳು ನಡೆಯುತ್ತವೆ. ಪರದೆಯ ಮೇಲಿನ ಚೌಕಗಳು ಮಾತ್ರ ತಮ್ಮ ಜಾಗ ಬಿಡದೆ ಬಣ್ಣ ಬದಲಿಸುತ್ತವೆ. ಆನೆ ಮುಂದೆ ಸಾಗಿದಂತೆ ಅದರ ಮೈಯ ಚೌಕಗಳು ಹಿಂದೆಯೇ ಉಳಿದು ಬೇರೊಂದು ಪ್ರಾಣಿಯ ಮೈಯಾಗುತ್ತವೆ. ನೋಡಲು ಇದು ಅಪೂರ್ವ ಸುಂದರ.

ಚೌಕದ ಲೆಕ್ಕದಲ್ಲಿ ಜೀವಿಯನ್ನು ಕಾಣಿಸುವ ಕ್ರಮ ನಮಗೂ ಹೊಸತಲ್ಲ. ಧಾರವಾಡದ ಕಸೂತಿಯಲ್ಲಿ ಎಳೆಗಳನ್ನು ಎಣಿಸಿಯೇ ಅಂಬಾರಿ ಹೊತ್ತ ಆನೆ ಮೂಡುತ್ತದೆ. ಜವಳಗಿರಿಯ ಒಂದೇ ಬೀದಿಯಲ್ಲಿ ಒಂದು ಮನೆಯವರು ರಂಗೋಲಿಯೆಂದೂ ಪಕ್ಕದ ಮನೆಯವರು ಕೋಲಂ ಎಂದೂ ಕರೆಯುವ ರೇಖಾಚಿತ್ರ ಚುಕ್ಕಿಗಳ ಜಾಲದಿಂದಲೇ ಹುಟ್ಟುತ್ತದೆ. 1970ರ ದಶಕದಲ್ಲಿ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಹೋದ್ಯೋಗಿಗಳು ಕೋಲಂನ ವಿನ್ಯಾಸಗಳನ್ನು ಆಧಾರವಾಗಿಟ್ಟುಕೊಂಡು ಚಿತ್ರಗಳಿಗೆ ವ್ಯಾಕರಣವನ್ನು ರೂಪಿಸಿದರು. ಗಣಕಶಾಸ್ತ್ರದ ಔಪಚಾರಿಕ ಭಾಷೆಗಳ ಅಧ್ಯಯನದಲ್ಲಿ ಅದು ಇಂದಿಗೂ ಸ್ಮರಿಸಲ್ಪಡುವ ಕೆಲಸ. ಆದ್ದರಿಂದ ಡಿಜಿಟಲ್ ಎಂಬುದು ಚಿತ್ರಕ್ಕೆ ಪರಕೀಯ, ನಿಸರ್ಗಕ್ಕೆ ವಿರೋಧಿ ಎಂಬ ಆಕ್ಷೇಪ ನನ್ನದಲ್ಲ.

ನನ್ನ ಆಕ್ಷೇಪ ಬೇರೆ. ರಂಗೋಲಿಗೆ ಒಂದು ವಿಳಾಸವಿದೆ. ಅದು ಒಂದು ಹೊಸ್ತಿಲಿನ ಮುಂದೆ ಬರೆದದ್ದು. ಹಿಟ್ಟಿನದಾದರೆ ಇರುವೆ ತಿನ್ನುತ್ತದೆ, ಬಂದುಹೋಗುವವರ ಕಾಲಿಗೆ ಸಿಕ್ಕಿ ಸಂಜೆಯೊಳಗೆ ಅಳಿಸುತ್ತದೆ. ಜಾಕುಚುವಿನ ಬಿಳಿಯಾನೆಗೂ ಹಿಂದೊಂದು ವಿಳಾಸ ಇದ್ದಿರಬಹುದು. 1728ರಲ್ಲಿ ವಿಯೆಟ್ನಾಮಿನ ಕಡೆಯಿಂದ ನಾಗಸಾಕಿಗೆ ತಂದ ಆನೆಯೊಂದನ್ನು ಮರುವರ್ಷ ಕ್ಯೋಟೊದ ಮೂಲಕ ಎದೊ ನಗರದವರೆಗೆ ನಡೆಸಿಕೊಂಡು ಹೋದರು. ಆಗ ಜಾಕುಚು ಕ್ಯೋಟೊದಲ್ಲಿದ್ದ ಎಳೆಯ ಹುಡುಗ. ಬೀದಿಯಲ್ಲಿ ಆ ಆನೆಯನ್ನು ಕಂಡಿರಬಹುದೆಂಬ ಊಹೆಗೆ ಎಡೆಯಿದೆ. 'ನಿರ್ವಾಣ'ದ ಆನೆಯಾದರೋ ಹುಟ್ಟಿದ್ದು ಚಿತ್ರದಿಂದ. ಅದು ಚಿತ್ರದ ಚಿತ್ರ. ಈ ಬಳಗ 2018ರಲ್ಲಿ ಟೋಕಿಯೊದ ಒಡೈಬಾದಲ್ಲಿ ತೆರೆದು 2024ರಲ್ಲಿ ಅಜಾಬುದೈ ಹಿಲ್ಸ್‌ಗೆ ಸ್ಥಳಾಂತರಿಸಿದ 'ಬಾರ್ಡರ್‌ಲೆಸ್' ಸಂಗ್ರಹಾಲಯದಲ್ಲಿ ಈ ಕ್ರಮ ಪರಾಕಾಷ್ಠೆಯನ್ನು ಮುಟ್ಟಿದೆ. ಅಲ್ಲಿ ಕೃತಿಗೂ ಕೃತಿಗೂ ನಡುವೆ ಎಲ್ಲೆಯಿಲ್ಲ. ನೋಡುಗನಿಗೂ ಚಿತ್ರಕ್ಕೂ ನಡುವೆ ಚೌಕಟ್ಟಿಲ್ಲ. ಚೌಕಟ್ಟನ್ನು ತೆಗೆದಾಗ ಚಿತ್ರತುರಗನ್ಯಾಯವೇ ಕುಸಿಯುತ್ತದೆ. ಚಿತ್ರವನ್ನು ಚಿತ್ರವೆಂದು ತಿಳಿದು ನೋಡುವ ಐದನೆಯ ಪ್ರತೀತಿ ಕರಗಿ, ಹಿತವಾದ ಭ್ರಮೆಯೊಂದು ಉಳಿಯುತ್ತದೆ. 'ಎಲ್ಲೆಯಿಲ್ಲದ್ದು' ಎಂಬ ಹೆಸರನ್ನು ಗಡಿಯಲ್ಲಿ ಬದುಕುವವರು ಸ್ವಲ್ಪ ಅನುಮಾನದಿಂದಲೇ ಓದುತ್ತಾರೆ. ಆನೆಗೆ ಗಡಿಯಿಲ್ಲವೆಂಬುದು ಕಾವ್ಯದಲ್ಲಿ ಚೆನ್ನ. ಬೆಳೆನಷ್ಟದ ಪರಿಹಾರದ ಅರ್ಜಿ ಬರೆಯುವವನಿಗೆ ಗಡಿ ಇದ್ದೇ ಇದೆ, ಅರ್ಜಿಯ ಭಾಷೆಯೂ ಅದರ ಮೇಲೆಯೇ ನಿಂತಿದೆ.

4

ಶೀಬಾ ಛಾಛಿಯವರ 'ದ ವಾಟರ್ ಡಿವೈನರ್' ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದ ಕೃತಿ. 2008ರ ಡಿಸೆಂಬರಿನಲ್ಲಿ ದೆಹಲಿಯ ಸಾರ್ವಜನಿಕ ಸ್ಥಳಗಳಲ್ಲಿ ನಡೆದ '48 ಡಿಗ್ರಿ ಸೆಲ್ಸಿಯಸ್' ಎಂಬ ಪರಿಸರ ಕಲೋತ್ಸವಕ್ಕಾಗಿ ಅವರು ಇದನ್ನು ರಚಿಸಿದರು. ಪೂಜಾ ಸೂದ್ ಅದರ ಸಂಯೋಜಕರಾಗಿದ್ದರು. ಹಳೆಯ ದೆಹಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ, ಹಿಂದೊಮ್ಮೆ ಈಜುಕೊಳವಾಗಿದ್ದು ಈಗ ಬಳಕೆ ತಪ್ಪಿದ್ದ ಒಂದು ಎಡೆಯನ್ನು ಕಲಾವಿದೆ ಆರಿಸಿಕೊಂಡರು. ನೀರಿಲ್ಲದ ಆ ಜಾಗದಲ್ಲಿ ಹಳೆಯ ಪುಸ್ತಕಗಳ ಒಟ್ಟಿಲು. ಅವುಗಳ ನಡುವೆ ನದಿಯ ಚಿತ್ರಪರಂಪರೆಯನ್ನು ನೆನಪಿಸುವ ಬೆಳಕಿನ ಪೆಟ್ಟಿಗೆಗಳು. ಕತ್ತಲಿನಾಚೆ ನೀರಿನೊಳಗೆ ಈಜುತ್ತಿರುವ ಆನೆಯ ವಿಡಿಯೊ.

ಶೀರ್ಷಿಕೆಯ ಅರ್ಥ ಅಂತರ್ಜಲವನ್ನು ಪತ್ತೆಹಚ್ಚುವವರು ಎಂದು. ಕವಲುಕಡ್ಡಿಯನ್ನೋ ತೆಂಗಿನಕಾಯಿಯನ್ನೋ ಅಂಗೈಯಲ್ಲಿ ಹಿಡಿದು ಕೊಳವೆಬಾವಿಗೆ ಜಾಗ ತೋರಿಸುವ 'ನೀರು ನೋಡುವವರು' ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ಅವರ ಕೆಲಸ ಕಾಣದ್ದನ್ನು ಊಹಿಸುವುದು. ಈ ಕೃತಿಯಲ್ಲಿ ಬೆಳಕಿಗೂ ಅದೇ ಕೆಲಸ. ಅದು ಕೋಣೆಯನ್ನು ಬೆರಗಿನಿಂದ ತುಂಬಿಸದೆ ಒಂದೊಂದೇ ಪೆಟ್ಟಿಗೆಯೊಳಗೆ ಸಣ್ಣಗೆ ಉರಿದು, ಇಲ್ಲಿ ಏನು ಬತ್ತಿಹೋಗಿದೆ ಎಂಬುದನ್ನು ತೋರಿಸುತ್ತದೆ. ಸತ್ತ ಕೊಳ, ಓದುವವರಿಲ್ಲದ ಪುಸ್ತಕ, ಹೊರಗೆ ಕಲುಷಿತ ಯಮುನೆ: ಮೂರನ್ನೂ ಒಂದೇ ಸಾಲಿನಲ್ಲಿ ಓದುವ ಹೊಣೆ ನೋಡುಗನದು. ಚೌಕಟ್ಟು ಇಲ್ಲಿ ಅಳಿದಿಲ್ಲ, ಕಟ್ಟಡವೇ ಚೌಕಟ್ಟಾಗಿದೆ. ಇದಕ್ಕೆ ಮುನ್ನ 'ವಿಂಗ್ಡ್ ಪಿಲ್‌ಗ್ರಿಮ್ಸ್' ಎಂಬ ಕೃತಿಯಲ್ಲಿ ಛಾಛಿಯವರು ಹಕ್ಕಿಜ್ವರ, ಬೌದ್ಧ ಯಾತ್ರಿಕರು ಮತ್ತು ವಲಸೆಹಕ್ಕಿಗಳನ್ನು ಹೆಣೆಯಲು ಚೀನಾದಲ್ಲಿ ತಯಾರಾಗುವ ಅಗ್ಗದ, ಚಲಿಸುವ ಬೆಳಕಿನ ಆಟಿಕೆ ಪೆಟ್ಟಿಗೆಗಳ ತಂತ್ರವನ್ನು ಬಳಸಿಕೊಂಡಿದ್ದರು. ಏಷ್ಯದ ದಾರಿಗಳಲ್ಲಿ ಧರ್ಮ, ರೋಗ, ಹಕ್ಕಿ, ಸರಕು ಎಲ್ಲವೂ ಸಂಚರಿಸುತ್ತವೆ ಎಂಬ ವಸ್ತುವಿಗೆ ಸರಕೇ ಮಾಧ್ಯಮವಾಗಿ ಒದಗಿತ್ತು. ತಂತ್ರಜ್ಞಾನ ತನ್ನ ಮೂಲವನ್ನು ಮರೆಮಾಚದೆ ಅರ್ಥದ ಭಾಗವಾಗುವುದು ಹೀಗೆ.

ಆದರೂ ಗಡಿಸೀಮೆಯ ನೋಡುಗನಿಗೆ ಇಲ್ಲಿ ಒಂದು ಕೊರತೆ ಕಾಣುತ್ತದೆ. ನೀರಿನೊಳಗಿನ ಆನೆಯನ್ನು ಕಂಡ ಕೂಡಲೆ ಕನ್ನಡ ಓದುಗನ ಮನಸ್ಸು ಗಜೇಂದ್ರಮೋಕ್ಷಕ್ಕೆ ಹೋಗುತ್ತದೆ. ಆದರೆ ಈ ಆನೆ ಯಾರನ್ನೂ ಕೂಗಿ ಕರೆಯುವುದಿಲ್ಲ, ಮೌನವಾಗಿ ತೇಲುತ್ತದೆ. ಅದು ನೆನಪಿನ ಆನೆ. ಮಹಾನಗರವು ತಾನು ಕಳೆದುಕೊಂಡ ನಿಸರ್ಗಕ್ಕಾಗಿ ಪಡುವ ವಿಷಾದ ಅದರಲ್ಲಿದೆ. ನಮ್ಮಲ್ಲಿ ಆನೆ ಕಳೆದುಹೋಗಿಲ್ಲ. ಇಂದು ರಾತ್ರಿ ಬರಬಹುದು. ವಿಷಾದಕ್ಕೆ ಮುನ್ನ ಇಲ್ಲಿ ಭಯವಿದೆ, ಸಿಟ್ಟಿದೆ, ಮರುದಿನ ಬೆಳಿಗ್ಗೆ ಲದ್ದಿಯನ್ನು ಕಂಡು ಕೈಮುಗಿಯುವ ಭಕ್ತಿಯೂ ಇದೆ. ಈ ಬೆರಕೆ ಭಾವಕ್ಕೆ ತಕ್ಕ ರಸದ ಹೆಸರು ನಮ್ಮ ಮೀಮಾಂಸೆಯಲ್ಲಿ ಸುಲಭವಾಗಿ ಸಿಗುವುದಿಲ್ಲ.

ಬೆಳಕಿನ ಬಗೆಗೆ ಮಾತಾಡುವಾಗ ವಿದ್ಯುತ್ತಿನ ಬಗೆಗೂ ಮಾತಾಡಬೇಕು. 2023ರ ಮಾರ್ಚಿನಲ್ಲಿ ನೆರೆಯ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಅಕ್ರಮ ವಿದ್ಯುತ್ ಬೇಲಿ ತಗುಲಿ ಮೂರು ಹೆಣ್ಣಾನೆಗಳು ಸತ್ತವು. ಜೊತೆಗಿದ್ದ ಎರಡು ಮರಿಗಳು ಉಳಿದವು. ಪ್ರದರ್ಶನದ ಆನೆಗೆ ಜೀವ ತುಂಬುವುದೂ ಬೇಲಿಯ ಆನೆಯ ಜೀವ ತೆಗೆಯುವುದೂ ಒಂದೇ ವಿದ್ಯುತ್ತು. ಈ ಮಾತನ್ನು ಕಲಾವಿದರ ಮೇಲಿನ ಆರೋಪವೆಂದು ತಿಳಿಯಬಾರದು. ಡಿಜಿಟಲ್ ಕಲೆಯನ್ನು ಭಾರವಿಲ್ಲದ, ಮೈಯಿಲ್ಲದ ಮಾಧ್ಯಮವೆಂದು ಬಣ್ಣಿಸುವ ವಿಮರ್ಶೆಯ ರೂಢಿ ತಪ್ಪು ಎಂಬುದಷ್ಟೇ ನನ್ನ ವಾದ. ತೈಲವರ್ಣಕ್ಕೆ ಎಣ್ಣೆ ಹೇಗೋ ಈ ಕಲೆಗೆ ವಿದ್ಯುತ್ತು ಹಾಗೆ. ಅದು ತಂತಿಯ ಮೇಲೆ, ಯಾರದೋ ಹೊಲವನ್ನು ಹಾದು ಬರುತ್ತದೆ.

5

ಮೂರನೆಯ ಉದಾಹರಣೆಯ ಆನೆಗಳಿಗೆ ವಿದ್ಯುತ್ತೇ ಬೇಕಿಲ್ಲ. 2024ರ ಫೆಬ್ರವರಿಯಲ್ಲಿ ಲಾಲ್‌ಬಾಗಿನಲ್ಲಿ ನಿಂತಿದ್ದ ಲಾಂಟಾನ ಆನೆಗಳನ್ನು ತಯಾರಿಸಿದವರು ನೀಲಗಿರಿಯ ಗೂಡಲೂರು ಸೀಮೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಮುಂತಾದ ಆದಿವಾಸಿ ಕುಶಲಕರ್ಮಿಗಳು. ಕಬ್ಬಿಣದ ಸರಳುಗಳ ಅಸ್ಥಿಪಂಜರದ ಮೇಲೆ, ಬೇಯಿಸಿ ತೊಗಟೆ ಸುಲಿದ ಲಾಂಟಾನದ ಕಡ್ಡಿಗಳನ್ನು ಬಗ್ಗಿಸಿ ಹೊದಿಸಿದಾಗ ಆನೆಯ ಮೈ ಮೂಡುತ್ತದೆ. ಆ ಸೀಮೆಯಲ್ಲಿ ಜನರ ನಡುವೆಯೇ ಬದುಕಿರುವ, ಗುರುತಿಸಬಲ್ಲ ಆನೆಗಳೇ ಇವುಗಳಿಗೆ ಮಾದರಿ. ಹಾಗಾಗಿ ಇಲ್ಲಿ 'ಆನೆ' ಎಂಬ ಸಾಮಾನ್ಯ ನಾಮದ ಬದಲು ಒಂದೊಂದು ಆನೆಯೂ ಒಬ್ಬೊಬ್ಬ ವ್ಯಕ್ತಿಯಾಗಿ ನಿಲ್ಲುತ್ತದೆ.

ಮಾಧ್ಯಮದ ಕಥೆ ಇನ್ನೂ ಅರ್ಥಪೂರ್ಣ. ಅಮೆರಿಕ ಖಂಡದ ಉಷ್ಣವಲಯದ ಲಾಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ತಂದದ್ದು ಸಸ್ಯೋದ್ಯಾನಗಳ ಮೂಲಕ. ತಮಿಳಿನಲ್ಲಿ ಉಣ್ಣಿಚ್ಚೆಡಿ ಎನಿಸಿಕೊಂಡ ಈ ಗಿಡ ಇಂದು ದೇಶದ 1,50,000 ಚದರ ಕಿಲೋಮೀಟರಿಗೂ ಮಿಕ್ಕ ಅರಣ್ಯವನ್ನು ಆವರಿಸಿದೆಯೆಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ಹುಲ್ಲು ಬೆಳೆಯಬೇಕಾದಲ್ಲಿ ಇದು ಬೆಳೆದರೆ ಆನೆಯ ಮೇವು ಕುಗ್ಗುತ್ತದೆ. ಮೇವು ಕುಗ್ಗಿದ ಕಾಡಿನ ಪಕ್ಕದಲ್ಲಿ ರಾಗಿಯ ಹೊಲವಿದ್ದರೆ ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ. ಉದ್ಯಾನದ ಅಲಂಕಾರವಾಗಿ ಬಂದು ಕಾಡಿನ ಪಿಡುಗಾದ ಗಿಡ, ಅದೇ ಪಿಡುಗಿನಿಂದ ಮೇವು ಕಳೆದುಕೊಂಡ ಪ್ರಾಣಿಯ ಆಕಾರ ತಳೆದು ಮತ್ತೆ ಒಂದು ಸಸ್ಯೋದ್ಯಾನಕ್ಕೆ ಮರಳಿದ್ದು ಯಾವ ವಿವರಣೆಯ ಫಲಕವೂ ಹೇಳಲಾರದಷ್ಟನ್ನು ಹೇಳುತ್ತದೆ. ಇಲ್ಲಿ ವಸ್ತುವೇ ವಾದವಾಗಿದೆ.

ಡಿಜಿಟಲ್ ಈ ಪ್ರದರ್ಶನದೊಳಕ್ಕೆ ಬಂದದ್ದು ನೋಡುಗರ ಕೈಯ ಫೋನುಗಳ ಮೂಲಕ. ಬಂದವರೆಲ್ಲ ಆನೆಯ ಸೊಂಡಿಲಿನ ಬಳಿ ನಿಂತು ಚಿತ್ರ ತೆಗೆಸಿಕೊಂಡರು. ಅದನ್ನು ಹಗುರವಾಗಿ ಕಾಣುವ ಅಗತ್ಯವಿಲ್ಲ; ಸಮೀಪದ ಆಸೆ ಮನುಷ್ಯಸಹಜ. ಆದರೆ ಅಷ್ಟು ಸಮೀಪ ಸಾಧ್ಯವಾದದ್ದು ಆ ಆನೆಗಳು ಸೌಮ್ಯವಾಗಿ ನಿಂತದ್ದರಿಂದ. ಸಹಬಾಳ್ವೆ ಎಂಬುದು ಈ ಯೋಜನೆಯ ಕೇಂದ್ರಪದ. ಬಾಳ್ವೆಯೆಂದರೆ ನಷ್ಟವೂ ಸೇರಿದ ಬದುಕು. ತುಳಿದ ಹೊಲ, ಮುರಿದ ಬೇಲಿ, ಮನೆಗೆ ಮರಳದ ಕಾವಲುಗಾರ ಇವೆಲ್ಲವೂ ಆ ಪದದೊಳಗೆ ಇರಬೇಕು. ಇನ್ನೊಂದು ಮಾತು. 2024ರಲ್ಲೇ ಇಂತಹ ನೂರು ಆನೆಗಳು ಅಮೆರಿಕಕ್ಕೆ ಹೋಗಿ ನ್ಯೂಪೋರ್ಟ್, ನ್ಯೂಯಾರ್ಕ್, ಮಯಾಮಿಗಳಲ್ಲಿ ನಿಂತವು. ಅವುಗಳನ್ನು ಹೆಣೆದ ಕೈಗಳ ಕೆಲಸವನ್ನು ಜಗತ್ತು ಕಂಡಿತು. ಆದರೆ ಕೈಯ ಕೆಲಸ ಸಾಗಿದಷ್ಟು ಸುಲಭವಾಗಿ ಮಾತು ಸಾಗುವುದಿಲ್ಲ. ಬೆಟ್ಟಕುರುಂಬ, ಪಣಿಯ ಮುಂತಾದ ಸಣ್ಣ ದ್ರಾವಿಡ ನುಡಿಗಳಲ್ಲಿ ಆನೆಯ ನಡೆ, ವಯಸ್ಸು, ಮದ, ಮುನಿಸುಗಳ ಬಗೆಗೆ ತಲೆಮಾರುಗಳ ಅರಿವು ಸಂಚಯವಾಗಿದೆ. ಆ ಅರಿವು ದನಿಯಾಗಿ ಪ್ರದರ್ಶನಕ್ಕೆ ಬರುವುದಾದರೆ, ಡಿಜಿಟಲ್ ತಂತ್ರಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರಿಲ್ಲ.

6

ಮೂರು ಕೃತಿಗಳನ್ನು ಒಟ್ಟಿಗಿಟ್ಟು ನೋಡಿದರೆ ತಂತ್ರಜ್ಞಾನದ ಪ್ರಮಾಣಕ್ಕೂ ಕೃತಿಯ ಮೌಲ್ಯಕ್ಕೂ ನೇರ ಸಂಬಂಧವಿಲ್ಲವೆಂಬುದು ಸ್ಪಷ್ಟ. 'ನಿರ್ವಾಣ' ನೋಡುಗನನ್ನು ಅವನ ಸಂಶಯದಿಂದ ಬಿಡಿಸುತ್ತದೆ. 'ದ ವಾಟರ್ ಡಿವೈನರ್' ಸಂಶಯವನ್ನು ಕತ್ತಲೆಯ ರೂಪದಲ್ಲಿ ಉಳಿಸಿಕೊಂಡು, ಅದರ ಮೇಲೆ ನೆನಪಿನ ಬೆಳಕನ್ನು ಚೆಲ್ಲುತ್ತದೆ. ಲಾಂಟಾನದ ಆನೆ ಕಡ್ಡಿ ಕಡ್ಡಿಯಲ್ಲೂ ತಾನು ಯಾವುದರಿಂದ ಆದದ್ದೆಂಬುದನ್ನು ಹೇಳುತ್ತದೆ. ಯಾರಿಂದ ಏನನ್ನು ಕಸಿದದ್ದೆಂಬುದನ್ನು ಅರ್ಧ ಹೇಳುತ್ತದೆ. ಚಿತ್ರಗಜದ ಪ್ರಶ್ನೆಗೆ ಪೂರ್ಣ ಉತ್ತರ ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಆದರೆ ಉತ್ತರದ ದಿಕ್ಕು ಎರಡನೆಯ ಮತ್ತು ಮೂರನೆಯ ಕೃತಿಗಳ ನಡುವೆ ಎಲ್ಲೋ ಇದೆಯೆಂದು ನನಗೆ ತೋರುತ್ತದೆ.

ಈ ಸೀಮೆಗೆ ನಿಸರ್ಗ ಮತ್ತು ಚಿತ್ರದ ಸಂಬಂಧ ಹೊರಗಿನಿಂದ ಬರಬೇಕಾದದ್ದೇನಲ್ಲ. ಶೂಲಗಿರಿಯ ಬಳಿಯ ಮಲ್ಲಚಂದ್ರಂನ ಕಲ್ಮನೆಗಳ ಬಂಡೆಗಳ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಆನೆಗಳ ದಾರಿಯೂ ಆ ಸೀಮೆಯನ್ನು ಹಾಯುತ್ತದೆ. ನುಡಿಯಲ್ಲೂ ಇದೇ ಸಾತತ್ಯವಿದೆ. ನಮ್ಮ ಆನೆ ತಮಿಳಿನ ಯಾನೈಯ ಒಡಹುಟ್ಟು. ಗಡಿಯಾಚೆಯ ಆನೇಕಲ್ಲಿನ ಹೆಸರಿನಲ್ಲಿ ನಮಗೆ ಪ್ರಾಣಿಯೇ ಕಂಡರೂ, ಕನ್ನಡದಲ್ಲಿ ಆನೆಕಲ್ಲು ಎಂದರೆ ಆಲಿಕಲ್ಲು. ಹಾಗಾಗಿ ಊರಿನ ಹೆಸರಿನಲ್ಲಿ ಆನೆಯೂ ಮಳೆಯೂ ಒಂದನ್ನೊಂದು ಮುಚ್ಚಿಕೊಂಡಿವೆ. ಬಂಡೆಯೋ ಆನೆಯೋ ಎಂಬ ಕಾವಲುಗಾರನ ಸಂಶಯ ಭಾಷೆಯೊಳಗೂ ಇದ್ದಂತಿದೆ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಈ ಕಾಡುಗಳು ನಕ್ಷೆ, ಛಾಯಾಚಿತ್ರ, ಅಂಕಿಅಂಶಗಳ ರೂಪದಲ್ಲಿ ಮೊದಲಿಗಿಂತ ಹೆಚ್ಚಾಗಿ ಪರದೆಯ ಮೇಲೆ ಬರುತ್ತಿವೆ. ನಾಳೆ ಅವು ಕಲಾಪ್ರದರ್ಶನಕ್ಕೂ ಬರಬಹುದು. ಆಗ ಈ ಊರಿನವರು ಚಿತ್ರದೊಳಗಿನ ಹಿನ್ನೆಲೆಯಾಗದೆ, ಚಿತ್ರದ ಮುಂದೆ ನಿಂತ ಸಹೃದಯರಾಗಿ ಎಣಿಕೆಗೆ ಬರಬೇಕು. ಎರಡು ನುಡಿಗಳಲ್ಲಿ ಓದಬಲ್ಲ ನಮ್ಮಂಥವರು ವಿಮರ್ಶೆಯ ಮೂಲಕ ಒತ್ತಾಯಿಸಬಹುದಾದದ್ದು ಇಷ್ಟು.

ಅಟ್ಟಣೆಯ ಕಾವಲುಗಾರ ಇಡೀ ರಾತ್ರಿ ಟಾರ್ಚು ಹಾಕಿಕೊಂಡೇ ಇರುವುದಿಲ್ಲ. ಬೆಳಕು ಉರಿಯುತ್ತಿರುವಾಗ ಅದು ಬಿದ್ದ ವೃತ್ತದಾಚೆ ಏನೂ ಕಾಣುವುದಿಲ್ಲವೆಂದು ಅವನಿಗೆ ಗೊತ್ತು. ಆಗಾಗ ಅದನ್ನು ಆರಿಸಿ, ಬಿದಿರು ಮುರಿಯುವ ಸದ್ದಿಗಾಗಿ, ಹೊಟ್ಟೆಯಾಳದ ಗುಡುಗಿಗಾಗಿ ಕಿವಿಗೊಡುತ್ತಾನೆ. ನಿಸರ್ಗವನ್ನು ಬೆಳಕಿನಲ್ಲಿ ಬರೆಯಹೊರಟ ಕಲೆಯು ಅವನಿಂದ ಮೊದಲು ಕಲಿಯಬೇಕಾದದ್ದು ಬಹುಶಃ ಆ ಆರಿಸುವಿಕೆಯನ್ನು.